ಮಧುಮೇಹಿಗಳ ಕಣ್ಣಿನ ರಕ್ತಪ್ರವಾಹ: ಡಾಪ್ಲರ್ ಮಾಪನದ ಒಂದು ವಿಮರ್ಶೆ

೧

ಮಧುಮೇಹವು ರಕ್ತದಲ್ಲಿನ ಸಕ್ಕರೆಯ ರೋಗವಾಗಿರುವಂತೆಯೇ ರಕ್ತನಾಳಗಳ ರೋಗವೂ ಆಗಿದೆಯೆಂಬುದು ಈಗ ಸರ್ವವಿದಿತವಾದ ಸಂಗತಿ. ಮೂತ್ರಪಿಂಡದಲ್ಲಿ, ಹೃದಯದಲ್ಲಿ, ಕಾಲಿನ ನರಗಳಲ್ಲಿ ಈ ರೋಗವು ಮಾಡುವ ಹಾನಿಯು ಬಹುಕಾಲ ಯಾರ ಕಣ್ಣಿಗೂ ಬೀಳದೆ ಅಡಗಿರುತ್ತದೆ. ಅಕ್ಷಿಪಟಲದ ಮಾತು ಹಾಗಲ್ಲ. ದೇಹವನ್ನು ಕೊಯ್ಯದೆ, ಚುಚ್ಚದೆ, ಒಂದು ಅಂಗದ ಸೂಕ್ಷ್ಮ ರಕ್ತನಾಳಗಳನ್ನು ಅವುಗಳ ಸ್ಥಾನದಲ್ಲಿಯೇ ನೋಡಬಹುದಾದ ಸೌಕರ್ಯ ಅಲ್ಲಿದ್ದಷ್ಟು ಬೇರೆಲ್ಲಿಯೂ ಇಲ್ಲ. ೧೮೫೧ರಲ್ಲಿ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಲೋಕಕ್ಕೆ ಕೊಟ್ಟಂದಿನಿಂದ ವೈದ್ಯರು ಈ ಸೌಕರ್ಯವನ್ನು ಬಳಸಿಕೊಂಡು ಬಂದಿದ್ದಾರೆ.

ಆದರೆ ನಾಳವನ್ನು ನೋಡುವುದು ಬೇರೆ, ಆ ನಾಳದಲ್ಲಿ ರಕ್ತವು ಎಷ್ಟು ಹರಿಯುತ್ತಿದೆಯೆಂದು ತಿಳಿಯುವುದು ಬೇರೆ. ಈ ಎರಡನೆಯದನ್ನು ತಿಳಿಸಿಕೊಡುತ್ತದೆಂಬ ಭರವಸೆಯೊಡನೆ ಬಂದದ್ದು ಡಾಪ್ಲರ್ ವಿಧಾನದ ಅಲ್ಟ್ರಾಸೌಂಡ್ ಪರೀಕ್ಷೆ. ಕಳೆದ ಮೂರೂವರೆ ದಶಕಗಳಲ್ಲಿ ಮಧುಮೇಹಿಗಳ ಕಣ್ಣನ್ನು ಈ ವಿಧಾನದಿಂದ ಪರೀಕ್ಷಿಸಿದ ಪ್ರಬಂಧಗಳು ಅನೇಕ ದೇಶಗಳಿಂದ ಪ್ರಕಟವಾಗಿವೆ. ಅವುಗಳಲ್ಲಿ ಹಲವು, ರೋಗವು ಅಕ್ಷಿಪಟಲದಲ್ಲಿ ಕಾಣಿಸಿಕೊಳ್ಳುವುದಕ್ಕೆ ಮೊದಲೇ ರಕ್ತಪ್ರವಾಹದ ವ್ಯತ್ಯಾಸವನ್ನು ಈ ಯಂತ್ರವು ಹಿಡಿಯಬಲ್ಲದೆಂಬ ಆಶಯದಿಂದ ಹೊರಟಂಥವು. ಆಶಯ ಸ್ತುತ್ಯವಾದದ್ದೇ. ಆದರೆ ಆಶಯದ ಹಿರಿಮೆಯು ಮಾಪನದ ಪ್ರಾಮಾಣ್ಯಕ್ಕೆ ಆಧಾರವಾಗಲಾರದು. ಈ ಯಂತ್ರವು ನಿಜವಾಗಿ ಅಳೆಯುವುದೇನು, ಅಳೆದದ್ದನ್ನು ಹಿಡಿದುಕೊಂಡು ಮಧುಮೇಹಿಯ ಕಣ್ಣಿನ ವಿಷಯದಲ್ಲಿ ಎಷ್ಟನ್ನು ಹೇಳಲು ನಮಗೆ ಅಧಿಕಾರವುಂಟು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ವಿಧಾನದ ಮೂಲತತ್ತ್ವ ಸರಳವಾದದ್ದು. ೧೮೪೨ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಸ್ಟಿಯನ್ ಡಾಪ್ಲರ್, ತರಂಗದ ಮೂಲವೂ ಅದನ್ನು ಗ್ರಹಿಸುವವನೂ ಒಬ್ಬರಿಗೊಬ್ಬರು ಹತ್ತಿರವಾಗುತ್ತಿದ್ದರೆ ಕಂಪನಾಂಕ ಏರಿದಂತೆಯೂ ದೂರವಾಗುತ್ತಿದ್ದರೆ ಇಳಿದಂತೆಯೂ ತೋರಬೇಕೆಂದು ಪ್ರತಿಪಾದಿಸಿದನು. ಅವನ ಮನಸ್ಸಿನಲ್ಲಿದ್ದುದು ಜೋಡಿನಕ್ಷತ್ರಗಳ ಬಣ್ಣ. ಮೂರು ವರ್ಷಗಳ ತರುವಾಯ ಹಾಲೆಂಡಿನ ಬೈಸ್ ಬಲ್ಲಾಟ್ ಎಂಬ ವಿಜ್ಞಾನಿ, ತುತ್ತೂರಿ ಊದುವವರನ್ನು ರೈಲುಗಾಡಿಯ ಮೇಲೆ ಕೂರಿಸಿ, ಹಳಿಯ ಪಕ್ಕದಲ್ಲಿ ಸಂಗೀತಜ್ಞರನ್ನು ನಿಲ್ಲಿಸಿ, ಧ್ವನಿಯ ವಿಷಯದಲ್ಲಿ ಈ ತತ್ತ್ವವು ದಿಟವೆಂದು ಕಂಡುಕೊಂಡನು. ಇದನ್ನು ಶ್ರವಣಾತೀತ ತರಂಗಗಳಿಗೆ, ಎಂದರೆ ಮನುಷ್ಯನ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನಾಂಕದ ಧ್ವನಿಗೆ, ಅನ್ವಯಿಸಿ ಹೃದಯದ ಚಲನೆಯನ್ನು ಪರೀಕ್ಷಿಸಿದ ಕೀರ್ತಿ ಜಪಾನಿನ ಒಸಾಕಾದ ಸತೊಮುರಾ ಅವರದು. ಅವರ ಪ್ರಸಿದ್ಧ ಪ್ರಬಂಧ ಹೊರಬಂದದ್ದು ೧೯೫೭ರಲ್ಲಿ. ಹರಿಯುವ ರಕ್ತವನ್ನು ಬಣ್ಣದಿಂದ ಗುರುತಿಸಿ ತೋರಿಸುವ ವರ್ಣ ಡಾಪ್ಲರ್ ಯಂತ್ರವು ಕಣ್ಣಿನ ಗೂಡಿಗೆ ಬಳಕೆಯಾಗತೊಡಗಿದ್ದು ೧೯೮೦ರ ದಶಕದ ಕೊನೆಯಲ್ಲಿ.

ಪರೀಕ್ಷೆಯ ಕ್ರಮ ಹೀಗೆ: ರೋಗಿಯು ಅಂಗಾತ ಮಲಗಿ ಕಣ್ಣು ಮುಚ್ಚುತ್ತಾನೆ; ರೆಪ್ಪೆಯ ಮೇಲೆ ಲೇಪವನ್ನು ಹಚ್ಚಿ, ಅದರ ಮೇಲೆ ಶೋಧಕವನ್ನು ಹಗುರವಾಗಿ ಇಡುತ್ತಾರೆ. ಶೋಧಕದಿಂದ ಹೊರಟ ತರಂಗವು ಕೆಂಪು ರಕ್ತಕಣಗಳಿಗೆ ತಾಕಿ ಹಿಂದಿರುಗುತ್ತದೆ. ಸೆಕೆಂಡಿಗೆ ೭೫ ಲಕ್ಷ ಕಂಪನಗಳುಳ್ಳ ತರಂಗವು ಸೆಕೆಂಡಿಗೆ ೧೦ ಸೆಂಟಿಮೀಟರ್ ವೇಗದಲ್ಲಿ ಎದುರಿಗೆ ಬರುವ ರಕ್ತಕ್ಕೆ ತಾಕಿತೆನ್ನೋಣ. ಮೃದು ಅಂಗಾಂಶದಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ೧೫೪೦ ಮೀಟರ್ ಎಂದಿಟ್ಟುಕೊಂಡರೆ, ಹಿಂದಿರುಗಿದ ತರಂಗದ ಕಂಪನಾಂಕವು ಸುಮಾರು ೯೭೪ರಷ್ಟು ಹೆಚ್ಚಿರುತ್ತದೆ. ಈ ಅಂತರವು ನಮ್ಮ ಕಿವಿಗೆ ಕೇಳುವ ಎಲ್ಲೆಯೊಳಗೇ ಇರುವುದರಿಂದ, ಪರೀಕ್ಷಕನು ರಕ್ತದ ಓಟವನ್ನು ಯಂತ್ರದಿಂದ ಕೇಳಲೂ ಬಲ್ಲನು. ಯಂತ್ರವು ನೇರವಾಗಿ ಅಳೆಯುವುದು ಕಂಪನಾಂಕದ ಈ ಅಂತರವೊಂದನ್ನೇ. ಉಳಿದುದೆಲ್ಲವೂ ಲೆಕ್ಕಾಚಾರ, ಲೆಕ್ಕಾಚಾರದ ಹಿಂದೆ ಊಹೆಗಳಿವೆ.

ಕಣ್ಣಿನ ಹಿಂದೆ ಈ ಪರೀಕ್ಷೆಗೆ ದೊರೆಯುವ ನಾಳಗಳು ಕೆಲವೇ. ಒಳ ಕರೋಟಿಡ್ ಅಪಧಮನಿಯಿಂದ ಹುಟ್ಟುವ ನೇತ್ರ ಅಪಧಮನಿ. ಅದರ ಕವಲಾಗಿ ದೃಷ್ಟಿನರದೊಳಕ್ಕೆ ನುಗ್ಗಿ ಅಕ್ಷಿಪಟಲಕ್ಕೆ ರಕ್ತವನ್ನೊಯ್ಯುವ ಕೇಂದ್ರ ಅಪಧಮನಿ. ಅದರ ಪಕ್ಕದಲ್ಲೇ ಹಿಂದಿರುಗುವ ಕೇಂದ್ರ ಅಭಿಧಮನಿ. ಅಕ್ಷಿಪಟಲದ ಹೊರಗಿನ ಕೊರಾಯ್ಡ್ ಪದರವನ್ನು ಪೋಷಿಸುವ ಹಿಂಬದಿಯ ಸಿಲಿಯರಿ ಅಪಧಮನಿಗಳು. ಕಣ್ಣಿಗೆ ಬರುವ ರಕ್ತದಲ್ಲಿ ಬಹುಪಾಲು ಕೊರಾಯ್ಡಿಗೆ ಹೋಗುತ್ತದೆ; ಅಕ್ಷಿಪಟಲಕ್ಕೆ ಸಲ್ಲುವುದು ಅದರ ಅಲ್ಪಾಂಶ ಮಾತ್ರ. ಆದ್ದರಿಂದ 'ಕಣ್ಣಿನ ರಕ್ತಪ್ರವಾಹ' ಎಂಬ ಒಂದೇ ಮಾತಿನಲ್ಲಿ ಎರಡು ಭಿನ್ನ ಪರಿಚಲನೆಗಳು ಅಡಗಿವೆ. ಯಾವ ನಾಳದ ಮಾತನ್ನಾಡುತ್ತಿದ್ದೇವೆಂದು ಹೇಳದ ಪ್ರಬಂಧವು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

೩

ನಮ್ಮ ಮೊದಲನೆಯ ಆಕ್ಷೇಪ ಕೋನಕ್ಕೆ ಸಂಬಂಧಿಸಿದ್ದು. ರಕ್ತವು ಶೋಧಕದ ನೇರಕ್ಕೆ ಹರಿಯದೆ ಓರೆಯಾಗಿ ಹರಿಯುತ್ತಿದ್ದರೆ, ಆ ಓರೆಯ ಕೋನವನ್ನು ಪರೀಕ್ಷಕನು ತೆರೆಯ ಮೇಲೆ ಗುರುತಿಸಿ ಯಂತ್ರಕ್ಕೆ ತಿಳಿಸಬೇಕು. ಯಂತ್ರವು ಅದರ ಕೊಸೈನ್ ಬೆಲೆಯಿಂದ ಭಾಗಿಸಿ ವೇಗವನ್ನು ಕೊಡುತ್ತದೆ. ನಿಜವಾದ ಕೋನ ೨೦ ಅಂಶವಿದ್ದು ಪರೀಕ್ಷಕನು ೨೫ ಎಂದು ಗುರುತಿಸಿದರೆ ವೇಗದಲ್ಲಿ ಬರುವ ತಪ್ಪು ನೂರಕ್ಕೆ ನಾಲ್ಕರ ಒಳಗೆ. ನಿಜವಾದ ಕೋನ ೬೦ ಇದ್ದು ೬೫ ಎಂದು ಗುರುತಿಸಿದರೆ ತಪ್ಪು ನೂರಕ್ಕೆ ಹದಿನೆಂಟನ್ನು ಮೀರುತ್ತದೆ. ಅದೇ ಐದು ಅಂಶದ ಕೈತಪ್ಪು. ಫಲ ಮಾತ್ರ ಬೇರೆ. ಅಕ್ಷಿಪಟಲದ ಕೇಂದ್ರ ಅಪಧಮನಿಯು ದೃಷ್ಟಿನರದೊಳಗೆ ಹೆಚ್ಚುಕಡಿಮೆ ಶೋಧಕದ ನೇರಕ್ಕೆ ಬರುವುದರಿಂದ ಅಲ್ಲಿ ಅಪಾಯ ಕಡಮೆ. ಆದರೆ ಸಿಲಿಯರಿ ಅಪಧಮನಿಗಳು ಅಂಕುಡೊಂಕಾಗಿ, ಗೊಂಚಲಾಗಿ ಬರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ಅದರ ಕೋನವನ್ನು ನಿಶ್ಚಯಿಸಿದ್ದೇವೆಂದು ಹೇಳುವಾಗ ಸಂಶೋಧಕನಿಗೆ ಸಂಕೋಚವಿರಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದದ್ದು. ಡಾಪ್ಲರ್ ಯಂತ್ರವು ಕೊಡುವುದು ವೇಗವನ್ನು, ಪ್ರವಾಹವನ್ನಲ್ಲ. ಕಾಲುವೆಯ ನೀರು ಎಷ್ಟು ಬೇಗ ಓಡುತ್ತಿದೆಯೆಂದು ತಿಳಿದ ಮಾತ್ರಕ್ಕೆ ಗದ್ದೆಗೆ ಎಷ್ಟು ನೀರು ಬಂತೆಂದು ಯಾವ ರೈತನೂ ಹೇಳುವುದಿಲ್ಲ. ಕಾಲುವೆಯ ಅಗಲವನ್ನೂ ಆಳವನ್ನೂ ಅವನು ಕೇಳುತ್ತಾನೆ. ರಕ್ತನಾಳದಲ್ಲಿಯೂ ಅದೇ ನ್ಯಾಯ: ವೇಗವನ್ನು ನಾಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಮಾತ್ರ ಪ್ರವಾಹ ದೊರೆಯುತ್ತದೆ. ಈಗ ಕೇಂದ್ರ ಅಪಧಮನಿಯ ಅಳತೆಯನ್ನು ನೋಡೋಣ. ಅದರ ವ್ಯಾಸವು ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚೇನೂ ಇಲ್ಲ. ಮೇಲೆ ಹೇಳಿದ ಶ್ರವಣಾತೀತ ತರಂಗದ ಉದ್ದವೂ ಸುಮಾರು ಅಷ್ಟೇ. ತನ್ನ ಉದ್ದಕ್ಕಿಂತ ದೊಡ್ಡದಲ್ಲದ ವಸ್ತುವಿನ ವ್ಯಾಸವನ್ನು ಈ ತರಂಗದಿಂದ ನಿಷ್ಕೃಷ್ಟವಾಗಿ ಅಳೆಯುವುದು ಸಾಧ್ಯವಿಲ್ಲ. ತೆರೆಯ ಮೇಲೆ ಕಾಣುವ ಕೆಂಪು ಪಟ್ಟಿಯ ಅಗಲವು ನಾಳದ ಅಗಲವಲ್ಲ. ಅದು ಯಂತ್ರವು ಬಳಿದ ಬಣ್ಣದ ಅಗಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ವಿಶದಪಡಿಸಬಹುದು. ನಾಳದ ವ್ಯಾಸವು ನೂರಕ್ಕೆ ಹತ್ತರಷ್ಟು ಹಿಗ್ಗಿದರೆ ಅಡ್ಡಕೊಯ್ತದ ವಿಸ್ತೀರ್ಣವು ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚುತ್ತದೆ. ಹರಿಯುವ ರಕ್ತದ ಮೊತ್ತ ಒಂದಿಷ್ಟೂ ಬದಲಾಗದಿದ್ದರೂ ವೇಗವು ೧೦ ಸೆಂಟಿಮೀಟರಿನಿಂದ ಸುಮಾರು ೮.೩ಕ್ಕೆ ಇಳಿಯುತ್ತದೆ. ಯಂತ್ರದ ಮುಂದೆ ಕುಳಿತವನು 'ಪ್ರವಾಹ ಕುಗ್ಗಿದೆ' ಎಂದು ಬರೆದುಕೊಳ್ಳುತ್ತಾನೆ. ಕುಗ್ಗಿದ್ದು ವೇಗ ಮಾತ್ರ. ಮಧುಮೇಹದಲ್ಲಿ ಅಕ್ಷಿಪಟಲದ ನಾಳಗಳ, ವಿಶೇಷವಾಗಿ ಅಭಿಧಮನಿಗಳ, ವ್ಯಾಸ ಬದಲಾಗುತ್ತದೆಂಬುದು ನೇತ್ರದರ್ಶಕದಿಂದಲೇ ಚೆನ್ನಾಗಿ ತಿಳಿದ ವಿಷಯ. ಹೀಗಿರುವಾಗ ವ್ಯಾಸವು ಸ್ಥಿರವೆಂದು ಊಹಿಸಿಕೊಳ್ಳಲು ಈ ರೋಗಕ್ಕಿಂತ ಅಯೋಗ್ಯವಾದ ಕ್ಷೇತ್ರ ಇನ್ನೊಂದಿರಲಾರದು.

ಪ್ರಕಟವಾದ ಫಲಿತಾಂಶಗಳಲ್ಲಿ ಕಾಣುವ ವಿರೋಧಕ್ಕೆ ಒಂದು ಕಾರಣ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ೧೯೯೨ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಪಟೇಲ್, ಕೋನರ್ ಮುಂತಾದವರು ಲೇಸರ್ ಬೆಳಕಿನ ಡಾಪ್ಲರ್ ವಿಧಾನದಿಂದ ವೇಗವನ್ನೂ, ಛಾಯಾಚಿತ್ರದಿಂದ ನಾಳದ ವ್ಯಾಸವನ್ನೂ ಅಳೆದು, ಚಿಕಿತ್ಸೆ ಪಡೆಯದ ಮಧುಮೇಹಿಗಳಲ್ಲಿ ಅಕ್ಷಿಪಟಲದ ರೋಗವಿರುವಾಗ ಪ್ರವಾಹವು ಹೆಚ್ಚಿರುತ್ತದೆಂದೂ ಲೇಸರ್ ಚಿಕಿತ್ಸೆಯ ಅನಂತರ ಇಳಿಯುತ್ತದೆಂದೂ ವರದಿಮಾಡಿದರು. ೧೯೯೫ರಲ್ಲಿ ಗೋಬೆಲ್ ಮತ್ತು ಸಂಗಡಿಗರು ವರ್ಣ ಡಾಪ್ಲರ್ ಅಲ್ಟ್ರಾಸೌಂಡಿನಿಂದ, ರೋಗಗ್ರಸ್ತ ಕಣ್ಣುಗಳ ಕೇಂದ್ರ ಅಪಧಮನಿಯಲ್ಲಿ ವೇಗವು ತಗ್ಗಿರುತ್ತದೆಂದು ಕಂಡರು. ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು 'ಒಬ್ಬರು ಹೆಚ್ಚೆನ್ನುತ್ತಾರೆ, ಇನ್ನೊಬ್ಬರು ಕಡಮೆಯೆನ್ನುತ್ತಾರೆ' ಎಂದು ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಒಬ್ಬರು ಅಳೆದದ್ದು ಅಕ್ಷಿಪಟಲದ ಮೇಲಿನ ನಾಳದ ಪ್ರವಾಹವನ್ನು. ಇನ್ನೊಬ್ಬರು ಅಳೆದದ್ದು ದೃಷ್ಟಿನರದೊಳಗಿನ ನಾಳದ ವೇಗವನ್ನು. ಡಾಪ್ಲರನ ಹೆಸರು ಎರಡಕ್ಕೂ ಸಮಾನವಾದ ಮಾತ್ರಕ್ಕೆ ಅಳತೆ ಸಮಾನವಾಗುವುದಿಲ್ಲ. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನದೆಯೇ ಎರಡೂ ಫಲಿತಾಂಶಗಳು ಏಕಕಾಲದಲ್ಲಿ ನಿಜವಾಗಿರಬಹುದು.

೪

ಕೋನದ ತೊಡಕನ್ನೂ ವ್ಯಾಸದ ತೊಡಕನ್ನೂ ತಪ್ಪಿಸಿಕೊಳ್ಳಲು ಸಂಶೋಧಕರು ಆಶ್ರಯಿಸಿದ್ದು 'ನಿರೋಧ ಸೂಚ್ಯಂಕ'ವನ್ನು. ೧೯೭೦ರ ದಶಕದಲ್ಲಿ ಫ್ರಾನ್ಸಿನ ಪೂರ್ಸಲೋ ಇದನ್ನು ಬಳಕೆಗೆ ತಂದರು. ಹೃದಯವು ಸಂಕೋಚಿಸಿದಾಗಿನ ಗರಿಷ್ಠ ವೇಗದಿಂದ, ವಿಕಸನದ ಕೊನೆಯಲ್ಲಿ ಉಳಿಯುವ ವೇಗವನ್ನು ಕಳೆದು, ಶೇಷವನ್ನು ಗರಿಷ್ಠ ವೇಗದಿಂದ ಭಾಗಿಸಿದರೆ ಈ ಸೂಚ್ಯಂಕ ಬರುತ್ತದೆ. ವೇಗಗಳು ೧೦ ಮತ್ತು ೩ ಆಗಿದ್ದರೆ ಸೂಚ್ಯಂಕ ೦.೭. ಕೋನದ ತಪ್ಪು ಅಂಶದಲ್ಲಿಯೂ ಛೇದದಲ್ಲಿಯೂ ಸಮನಾಗಿರುವುದರಿಂದ ತಾನಾಗಿಯೇ ಕಳೆದುಹೋಗುತ್ತದೆ. ಇದು ಸೂಚ್ಯಂಕದ ನಿಜವಾದ ಗುಣ. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಹೆಸರಿನಲ್ಲಿ 'ನಿರೋಧ' ಎಂದಿರುವುದರಿಂದಲೇ ಅದು ನಾಳಗಳ ನಿರೋಧವನ್ನು ಅಳೆಯುತ್ತದೆಂದು ಭಾವಿಸುವುದು ಹೆಸರಿಗೆ ಮರುಳಾದಂತೆ. ಮೇಲಿನ ಎರಡು ವೇಗಗಳೂ ಅರ್ಧಕ್ಕಿಳಿದು ೫ ಮತ್ತು ೧.೫ ಆದುವೆನ್ನೋಣ, ಸೂಚ್ಯಂಕ ಆಗಲೂ ೦.೭. ವೇಗ ಅರ್ಧವಾದರೂ ಕದಲದ ಅಂಕಿಯು ಪ್ರವಾಹದ ಸ್ಥಿತಿಯನ್ನು ಸಾರುತ್ತದೆಂದು ಹೇಗೆ ನಂಬುವುದು? ಈ ಸಂದೇಹವನ್ನು ಪ್ರಯೋಗಕ್ಕೆ ಒಡ್ಡಿದವರು ವಿಯೆನ್ನಾದ ಪೋಲ್ಸ್ಕಾ, ಷ್ಮೆಟ್ಟರರ್ ಮತ್ತು ಸಂಗಡಿಗರು. ಶುದ್ಧ ಆಮ್ಲಜನಕವನ್ನು ಉಸಿರಾಡಿದಾಗ ಅಕ್ಷಿಪಟಲದ ನಾಳಗಳು ಬಿಗಿಯುತ್ತವೆ, ನಿರೋಧ ಏರುತ್ತದೆ. ಕೇಂದ್ರ ಅಪಧಮನಿಯ ನಿರೋಧ ಸೂಚ್ಯಂಕವು ಅಕ್ಷಿಪಟಲದ ನಾಳಗಳ ನಿರೋಧಕ್ಕೆ ಸಂವಾದಿಯಾಗಿಲ್ಲವೆಂಬುದು ೨೦೦೧ರಲ್ಲಿ ಅವರು ಪ್ರಕಟಿಸಿದ ನಿರ್ಣಯ.

ಮಧುಮೇಹಿಯಲ್ಲಂತೂ ಈ ಅಂಕಿಯನ್ನು ಅತ್ತಿತ್ತ ಎಳೆಯುವ ಕಾರಣಗಳು ಕಣ್ಣಿನ ಹೊರಗೇ ಹಲವಾರಿವೆ. ದೊಡ್ಡ ಅಪಧಮನಿಗಳು ಪೆಡಸಾದರೆ ಸಂಕೋಚ ವಿಕಸನಗಳ ಒತ್ತಡದ ಅಂತರ ಹೆಚ್ಚಿ ಸೂಚ್ಯಂಕವು ಮೇಲೇರುತ್ತದೆ. ಸ್ವಯಂಚಾಲಿತ ನರಗಳು ಕೆಟ್ಟ ರೋಗಿಯಲ್ಲಿ ವಿಶ್ರಾಂತಿಯಲ್ಲಿಯೂ ನಾಡಿ ತ್ವರಿತವಾಗಿರುತ್ತದೆ. ವಿಕಸನದ ಅವಧಿ ಮೊಟಕಾಗಿ, ಕೊನೆಯ ವೇಗವು ಪೂರ್ತಿ ಇಳಿಯುವ ಮೊದಲೇ ಮುಂದಿನ ಬಡಿತ ಬಂದು, ಸೂಚ್ಯಂಕವು ಕೆಳಗಿಳಿಯುತ್ತದೆ. ವಯಸ್ಸು, ರಕ್ತದೊತ್ತಡ, ಅದಕ್ಕಾಗಿ ಸೇವಿಸುವ ಔಷಧ, ಆ ಹೊತ್ತಿನ ಸಕ್ಕರೆಯ ಮಟ್ಟ, ಕಣ್ಣಿನೊಳಗಿನ ಒತ್ತಡ, ಕೊನೆಗೆ ಪರೀಕ್ಷಕನು ಶೋಧಕವನ್ನು ರೆಪ್ಪೆಯ ಮೇಲೆ ಒತ್ತಿದ ಬಲ, ಇವೆಲ್ಲವೂ ಅಳತೆಯಲ್ಲಿ ಪಾಲುಗೊಳ್ಳುತ್ತವೆ. ಇಂಥ ಸಂಗತಿಗಳನ್ನು ಸರಿದೂಗಿಸದೆ, ಮಧುಮೇಹಿಗಳ ಒಂದು ಗುಂಪನ್ನೂ ಆರೋಗ್ಯವಂತರ ಇನ್ನೊಂದು ಗುಂಪನ್ನೂ ಎದುರುಬದುರು ನಿಲ್ಲಿಸಿ ಸರಾಸರಿಗಳ ವ್ಯತ್ಯಾಸವನ್ನು ಅಕ್ಷಿಪಟಲದ ರೋಗದ ತಲೆಗೆ ಕಟ್ಟುವುದು ನ್ಯಾಯವಲ್ಲ. ಗುಂಪುಗಳ ಸರಾಸರಿ ಬೇರೆಯಾಗಿದ್ದರೂ ವ್ಯಕ್ತಿಗಳ ಅಂಕಿಗಳು ಒಂದರೊಳಗೊಂದು ಸೇರಿಕೊಂಡಿದ್ದರೆ, ಎದುರಿಗೆ ಕುಳಿತ ಒಬ್ಬ ರೋಗಿಯ ವಿಷಯದಲ್ಲಿ ಆ ಸರಾಸರಿಯಿಂದ ಏನನ್ನೂ ನಿರ್ಣಯಿಸಲಾಗದು.

ಇದೆಲ್ಲಕ್ಕೂ ಬುಡದಲ್ಲಿರುವ ಸಂಗತಿ ಇನ್ನೊಂದಿದೆ. ಮಧುಮೇಹವು ಅಕ್ಷಿಪಟಲದಲ್ಲಿ ಮೊದಲು ಕೈಯಿಕ್ಕುವುದು ಲೋಮನಾಳಗಳ ಮೇಲೆ. ಅವುಗಳ ಗೋಡೆಯನ್ನು ಅಪ್ಪಿಕೊಂಡಿರುವ ಜೀವಕೋಶಗಳು ನಾಶವಾಗುತ್ತವೆ. ಗೋಡೆ ಅಲ್ಲಲ್ಲಿ ಉಬ್ಬಿ ಸಣ್ಣ ಗುಳ್ಳೆಗಳಾಗುತ್ತದೆ, ಸೋರುತ್ತದೆ, ಕೆಲವು ನಾಳಗಳು ಮುಚ್ಚಿಯೇಹೋಗುತ್ತವೆ. ಡಾಪ್ಲರ್ ಶೋಧಕವು ಆಲಿಸುವುದಾದರೋ ಊರ ಹೆಬ್ಬಾಗಿಲಿನ ಸದ್ದನ್ನು. ಓಣಿಯಲ್ಲಿ ನಾಲ್ಕು ಮನೆಗಳ ದೀಪ ಆರಿದ್ದು ಹೆಬ್ಬಾಗಿಲಿನ ಕಾವಲುಗಾರನಿಗೆ ತಿಳಿಯುವುದಿಲ್ಲ. ಆ ಓಣಿಗಳನ್ನೇ ತೋರಿಸಲು ೧೯೬೧ರಲ್ಲಿ ಅಮೆರಿಕದ ನವಾಟ್ನಿ ಮತ್ತು ಆಲ್ವಿಸ್ ವರದಿಮಾಡಿದ ಫ್ಲೋರೆಸೀನ್ ಚಿತ್ರಣವಿದೆ. ಈಚಿನ ವರ್ಷಗಳಲ್ಲಿ, ಬಣ್ಣದ ಚುಚ್ಚುಮದ್ದನ್ನೂ ಬೇಡದ ಬೆಳಕಿನ ಸ್ತರಚಿತ್ರಣವೂ ಬಂದಿದೆ.

೫

ಹಾಗಾದರೆ ಮಧುಮೇಹಿಯ ಕಣ್ಣಿಗೆ ಡಾಪ್ಲರ್ ಪರೀಕ್ಷೆ ನಿರುಪಯುಕ್ತವೇ? ಹಾಗೆಂದು ನಮ್ಮ ವಾದವಲ್ಲ. ಹೆಬ್ಬಾಗಿಲಿನಲ್ಲೇ ತೊಂದರೆಯಿದ್ದಾಗ ಕಾವಲುಗಾರನ ಸಾಕ್ಷ್ಯಕ್ಕೆ ಸಮನಾದುದಿಲ್ಲ. ಕರೋಟಿಡ್ ಅಪಧಮನಿ ಬಹುವಾಗಿ ಕಿರಿದಾದ ರೋಗಿಯ ಅಕ್ಷಿಪಟಲದಲ್ಲಿ ಕಾಣುವ ರಕ್ತಸ್ರಾವಗಳು ಮಧುಮೇಹದವುಗಳನ್ನು ಹೋಲುತ್ತವೆ. ೧೯೬೩ರಲ್ಲಿ ಕೆರ್ನ್ಸ್ ಮತ್ತು ಹಾಲೆನ್‌ಹಾರ್ಸ್ಟ್ ಇಂಥ ಸ್ಥಿತಿಯನ್ನು ವರ್ಣಿಸಿದ್ದರು. ಮಧುಮೇಹಿಯೊಬ್ಬನ ಒಂದು ಕಣ್ಣು ಇನ್ನೊಂದಕ್ಕಿಂತ ವಿಶೇಷವಾಗಿ ಕೆಟ್ಟಿದ್ದರೆ ವೈದ್ಯನಿಗೆ ಈ ಶಂಕೆ ಹುಟ್ಟಬೇಕು. ಆಗ ನೇತ್ರ ಅಪಧಮನಿಯಲ್ಲಿ ರಕ್ತವು ಹಿಮ್ಮುಖವಾಗಿ ಹರಿಯುತ್ತಿರುವುದನ್ನು ಡಾಪ್ಲರ್ ತೋರಿಸಿತೆಂದರೆ, ಅದು ಕಣ್ಣಿನ ಸಂಗತಿಯನ್ನಷ್ಟೇ ಅಲ್ಲ, ಮಿದುಳಿಗೆ ಕಾದಿರುವ ಅಪಾಯವನ್ನೂ ಸಾರಿದಂತೆ. ಇಲ್ಲಿ ಕೇಳಿದ್ದು ದಿಕ್ಕನ್ನು. ಯಂತ್ರವು ಹೇಳಿದ್ದೂ ದಿಕ್ಕನ್ನೇ.

ಕಣ್ಣಿನೊಳಗೆ ರಕ್ತ ಸುರಿದು ನೇತ್ರದರ್ಶಕಕ್ಕೆ ಏನೂ ಕಾಣದಾದಾಗಲೂ ಈ ವಿಧಾನವು ನೆರವಾಗುತ್ತದೆ. ಸಾಮಾನ್ಯ ಅಲ್ಟ್ರಾಸೌಂಡಿನಲ್ಲಿ ಕಾಣುವ ಪೊರೆಯು ಕಿತ್ತುಬಂದ ಅಕ್ಷಿಪಟಲವೋ ಬರಿಯ ತಂತುಗಳ ತೆರೆಯೋ ಎಂಬ ಸಂದೇಹ ಬಂದರೆ, ಪೊರೆಯಲ್ಲಿ ರಕ್ತ ಹರಿಯುತ್ತಿರುವುದು ಅದು ಅಕ್ಷಿಪಟಲವೆಂಬುದಕ್ಕೆ ಒತ್ತಾಸೆ. ಹೊಸದಾಗಿ ಬೆಳೆದ ನಾಳಗಳುಳ್ಳ ಪೊರೆಯಲ್ಲಿಯೂ ರಕ್ತವಿರಬಹುದೆಂಬುದನ್ನೂ, ರಕ್ತ ಕಾಣದಿದ್ದ ಮಾತ್ರಕ್ಕೆ ಅದು ಅಕ್ಷಿಪಟಲವಲ್ಲವೆಂದು ಸಾಧಿಸಿದಂತಾಗುವುದಿಲ್ಲವೆಂಬುದನ್ನೂ ಮರೆಯಬಾರದು.

ಬಳಸುವವರು ಪಾಲಿಸಬೇಕಾದ ಎಚ್ಚರವೊಂದಿದೆ. ಕಣ್ಣಿನ ಪರೀಕ್ಷೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವಿಧಿಸಿರುವ ಧ್ವನಿತೀವ್ರತೆಯ ಎಲ್ಲೆ ಒಂದು ಚದರ ಸೆಂಟಿಮೀಟರಿಗೆ ೫೦ ಮಿಲಿವಾಟ್. ದೇಹದ ಇತರ ನಾಳಗಳಿಗಾದರೆ ೭೨೦. ಹೊಟ್ಟೆಯನ್ನೋ ಕಾಲನ್ನೋ ಪರೀಕ್ಷಿಸಿದ ಯಂತ್ರವನ್ನು ಆ ಸ್ಥಿತಿಯಲ್ಲೇ ರೆಪ್ಪೆಯ ಮೇಲಿಡುವುದು ಸಲ್ಲದು.

೬

ಈ ಚರ್ಚೆ ಕೇವಲ ಮಾಪನಶಾಸ್ತ್ರದ ಸೂಕ್ಷ್ಮವಲ್ಲ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಂದಾಜಿನಂತೆ ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ ೧೦ ಕೋಟಿಯನ್ನು ಮೀರಿದೆ. ಅವರ ದೃಷ್ಟಿಯನ್ನು ಉಳಿಸುವ ಮಾರ್ಗಗಳು ಅಜ್ಞಾತವಾಗಿಲ್ಲ. ರೋಗ ಬಲಿತ ಕಣ್ಣುಗಳಲ್ಲಿ ಲೇಸರ್ ಚಿಕಿತ್ಸೆಯು ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿಸುತ್ತದೆಂದು ಅಮೆರಿಕದ ಅಧ್ಯಯನವೊಂದು ೧೯೭೬ರಲ್ಲೇ ತೋರಿಸಿತು. ಒಂದನೆಯ ಬಗೆಯ ಮಧುಮೇಹದಲ್ಲಿ, ಕಣ್ಣಿಗೆ ಇನ್ನೂ ರೋಗ ತಗಲದವರು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಅದು ತಲೆದೋರುವ ಸಂಭವವು ನೂರಕ್ಕೆ ೭೬ರಷ್ಟು ತಗ್ಗುತ್ತದೆಂದು ೧೯೯೩ರಲ್ಲಿ ಇನ್ನೊಂದು ಅಧ್ಯಯನವು ತೋರಿಸಿತು. ಈ ಚಿಕಿತ್ಸೆಗಳಿಗೆ ರೋಗಿಯನ್ನು ಒಯ್ಯುವ ದಾರಿ, ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ವರ್ಷಕ್ಕೊಮ್ಮೆಯಾದರೂ ನೋಡುವುದು, ಇಲ್ಲವೆ ಅದರ ಛಾಯಾಚಿತ್ರವನ್ನು ತೆಗೆಯುವುದು. ಡಾಪ್ಲರ್ ವರದಿಯಲ್ಲಿ 'ರಕ್ತಪ್ರವಾಹ ಸಹಜ' ಎಂದು ಬರೆದುಕೊಟ್ಟುದನ್ನು ನಂಬಿ ಒಬ್ಬ ರೋಗಿಯು ಈ ನೋಟವನ್ನು ಒಂದು ವರ್ಷ ಮುಂದೂಡಿದರೂ, ಅಂಕಿಯ ಅಪಾರ್ಥಕ್ಕೆ ಅವನು ಕಣ್ಣಿನಿಂದ ದಂಡ ತೆತ್ತಂತಾಗುತ್ತದೆ.

ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸಮಾಡುವವರಿಂದ ನಾವು ಅಪೇಕ್ಷಿಸುವುದು ಇಷ್ಟು. ವೇಗವನ್ನು ಅಳೆದಿದ್ದರೆ ವೇಗವೆಂದೇ ಬರೆಯಬೇಕು. ಪ್ರವಾಹವೆಂಬ ಮಾತನ್ನು ವ್ಯಾಸವನ್ನೂ ಅಳೆದವರಿಗೆ ಬಿಡಬೇಕು. ನಿರೋಧ ಸೂಚ್ಯಂಕದ ಜೊತೆಗೆ ನಾಡಿಯ ಗತಿಯನ್ನೂ ರಕ್ತದೊತ್ತಡವನ್ನೂ ಕೊಡಬೇಕು. ಯಾವ ನಾಳ, ಯಾವ ಕೋನ ಎಂಬುದನ್ನು ಹೇಳಬೇಕು. ಒಬ್ಬನೇ ಪರೀಕ್ಷಕನು ಒಂದೇ ಕಣ್ಣನ್ನು ಮತ್ತೆ ಅಳೆದಾಗ ಎಷ್ಟು ವ್ಯತ್ಯಾಸ ಬಂತೆಂಬುದನ್ನು ಮುಚ್ಚಿಡದೆ ತಿಳಿಸಬೇಕು. ಗುಂಪಿನ ಸರಾಸರಿಯಿಂದ ವ್ಯಕ್ತಿಯ ಭವಿಷ್ಯವನ್ನು ನುಡಿಯಬೇಕೆಂದಿರುವವರು, ಅದೇ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮೊದಲ ಅಳತೆಯು ಮುಂದಿನ ರೋಗವನ್ನು ಮುನ್ಸೂಚಿಸಿತೋ ಇಲ್ಲವೋ ಎಂಬುದನ್ನು ತೋರಿಸಬೇಕು. ಈ ನಿಯಮಗಳಲ್ಲಿ ಹೊಸದೇನೂ ಇಲ್ಲ. ಆದರೆ ಬಣ್ಣದ ಚಿತ್ರದ ಮುಂದೆ ಕುಳಿತಾಗ ಹಳೆಯ ನಿಯಮಗಳೇ ಮೊದಲು ಮರೆತುಹೋಗುತ್ತವೆ.

ಡಾಪ್ಲರ್ ತನ್ನ ತತ್ತ್ವವನ್ನು ನಕ್ಷತ್ರಗಳ ಬಣ್ಣಕ್ಕೆ ಅನ್ವಯಿಸಿದಾಗ ತತ್ತ್ವದಲ್ಲಿ ಸರಿಯಾಗಿದ್ದು ಅನ್ವಯದಲ್ಲಿ ತಪ್ಪಿದ್ದನು. ಜೋಡಿನಕ್ಷತ್ರಗಳ ಬಣ್ಣಕ್ಕೆ ಕಾರಣ ಅವುಗಳ ಚಲನೆಯಲ್ಲ, ಅವುಗಳ ಉಷ್ಣತೆ. ಆ ತಪ್ಪಿನಿಂದ ಯಾರಿಗೂ ಕೇಡಾಗಲಿಲ್ಲ. ಅದೇ ತತ್ತ್ವವನ್ನು ಮಧುಮೇಹಿಯ ರೆಪ್ಪೆಯ ಮೇಲಿಟ್ಟು ಪ್ರಶ್ನೆ ಕೇಳುವ ನಮಗೆ ಅಷ್ಟು ಸಲಿಗೆಯಿಲ್ಲ.